ಬೆಳಗಿನ ಪಾಳಿ

ಕೊಟ್ಟಿಗೆಹಾರದಿಂದ ಮೂಡಿಗೆರೆಗೆ ಬರುವ ದಾರಿಯಲ್ಲಿ, ಹಿಂದೆ ಕಾಫಿ ಗೋದಾಮಾಗಿದ್ದ ಉದ್ದನೆಯ ಕಟ್ಟಡವೊಂದಕ್ಕೆ ಕಿಟಕಿ ಇಡಿಸಿ, ಸುಣ್ಣ ಬಳಿಸಿ, ಯಾವುದೋ ಟ್ರಸ್ಟಿನವರು ಮಾನಸಿಕ ರೋಗಿಗಳ ಆರೈಕೆ ಕೇಂದ್ರ ನಡೆಸುತ್ತಿದ್ದರು. ಗೇಟಿನ ಮೇಲೆ ಉದ್ದದ ಸಂಸ್ಕೃತ ಹೆಸರಿನ ಬೋರ್ಡಿತ್ತು. ಅದನ್ನು ಕೊನೆತನಕ ಓದುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಬಸ್ಸಿನವರು 'ಗೋಡೌನ್' ಎಂದು ಕೂಗಿ ಜನರನ್ನು ಇಳಿಸಿ ಹೋಗುತ್ತಿದ್ದರು. ಅಲ್ಲಿ ಮಧ್ಯಾಹ್ನದ ಪಾಳಿಯ ನರ್ಸು ಕುಸುಮಾ.

ಕುಸುಮಾಳ ದನಿ ಎಂದರೆ ಕೇಂದ್ರಕ್ಕೆಲ್ಲ ಹೆಮ್ಮೆ. ಯಾರಾದರೂ ರೇಗಿ ತಟ್ಟೆ ಎಸೆದರೆ, ಬಾಗಿಲು ಒದ್ದರೆ, ಕೇಂದ್ರದಲ್ಲೇ ಉಳಿದುಕೊಂಡು ವಾರ್ಡಿನ ಕೆಲಸ ನೋಡುತ್ತಿದ್ದ ಧರ್ಮೇಶ ತನ್ನ ದೊಡ್ಡ ಮೈಯನ್ನು ಅಲ್ಲಾಡಿಸುವ ಗೋಜಿಗೇ ಹೋಗದೆ, "ಕುಸುಮಕ್ಕನ್ನ ಕರೀರಿ ಮಾರಾಯ್ರೆ" ಎನ್ನುತ್ತಿದ್ದ. ಅವಳು ಅವಸರವಿಲ್ಲದೆ ಬರುತ್ತಿದ್ದಳು. ತುಸು ದೂರದಲ್ಲೇ, ಬಾಗಿಲಿಗೆ ಅಡ್ಡವಾಗದ ಹಾಗೆ, ಎರಡೂ ಕೈ ಕಾಣುವಂತೆ ನಿಂತು, ಮಗುವಿಗೆ ಜ್ವರ ಬಂದಾಗ ಮಾತಾಡುವ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತಿದ್ದಳು. ಕೂಗುತ್ತಿದ್ದವರು ಅದನ್ನು ಕೇಳಿಸಿಕೊಳ್ಳಲಿಕ್ಕಾದರೂ ಬಾಯಿ ಮುಚ್ಚಲೇಬೇಕಾಗುತ್ತಿತ್ತು. ಚಿಕ್ಕಮಗಳೂರಿನಲ್ಲಿ ನಡೆದ ತರಬೇತಿಯಲ್ಲಿ, ಕೆರಳಿದವರನ್ನು ಸಮಾಧಾನ ಮಾಡುವುದು ಹೇಗೆಂದು ತೋರಿಸಲು ಅವಳನ್ನೇ ವೇದಿಕೆಗೆ ಕರೆದಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಠ ಹೇಳಲು ಬಂದವನು ಕೊನೆಯಲ್ಲಿ, ನಡೆಸಿಕೊಡಲಾಗದ ಮಾತು ಕೊಡಬೇಡಿ ಎಂದೂ ಹೇಳಿದ. ಅಷ್ಟು ಹೊತ್ತಿಗೆ ಊಟದ ವಾಸನೆ ಬರುತ್ತಿತ್ತು, ಸಭೆ ಎಲ್ಲದಕ್ಕೂ ತಲೆಯಾಡಿಸುತ್ತಿತ್ತು. ಕುಸುಮಾಳೂ ಆಡಿಸಿದಳು.

ಅವಳನ್ನು ದೂರುವಂತಿಲ್ಲ. ಈ ಕಾಫಿ ಸೀಮೆಯಲ್ಲಿ ಎದುರಿಗೆ ನಿಂತವರ ಮುಖಕ್ಕೆ ಇಲ್ಲ ಎನ್ನುವುದು ಬೈಗುಳಕ್ಕಿಂತ ಕಡೆ. ಎಂದೂ ಬರಲಾರದ ಬಡಗಿ, "ನಾಳೆ ಬಂದೆ ಅಂತಲೇ ತಿಳ್ಕೊಳಿ" ಎನ್ನುತ್ತಾನೆ. ರಜೆ ಕೇಳಿದ ಆಳಿಗೆ ಎಸ್ಟೇಟಿನಲ್ಲಿ ಆಳಿನ ಲೆಕ್ಕ ಬರೆಯುವ ರೈಟರು, "ಸಾಹೇಬ್ರಿಗೆ ಒಂದು ಮಾತು ಹಾಕಣ" ಎಂದು ತಿಂಗಳು ನೂಕುತ್ತಾರೆ. ಸಂಬಂಧ ಬೇಡವಾದ ಹೆಣ್ಣಿನ ಅಪ್ಪ, "ಈ ಮಳೆಗಾಲ ಒಂದು ಕಳೀಲಿ" ಎಂದು ಕಾಫಿ ಕೊಟ್ಟು ಕಳಿಸುತ್ತಾನೆ. ಕೇಳಿದವನಿಗೆ ಅವಮಾನವಿಲ್ಲ, ಹೇಳಿದವನಿಗೆ ನಿಷ್ಠುರವಿಲ್ಲ. ಹೀಗೆ ನಡೆದುಕೊಂಡು ಬಂದ ಊರುಗಳಲ್ಲಿ ಹುಟ್ಟಿ ಬೆಳೆದವಳು ಕುಸುಮಾ. ನಾಲ್ಕು ಜನಕ್ಕೆ ಹಿತವಾಗುವ ಸುಳ್ಳನ್ನು ಅವಳು ಸುಳ್ಳೆಂದೇ ಎಣಿಸಿರಲಿಲ್ಲ.

ಆ ಚಳಿಗಾಲ ಅವಳ ದನಿಗೆ ದಿನಾ ಕೆಲಸ ಕೊಡುತ್ತಿದ್ದವಳು ಭಾಗಮ್ಮ. ಮಲ್ಲಂದೂರು ಕಡೆಯ ಎಸ್ಟೇಟೊಂದರಲ್ಲಿ ಹರೆಯದಿಂದ ಕಾಫಿ ಹಣ್ಣು ಕುಯ್ದು ತಲೆ ನರೆಸಿಕೊಂಡ ಹೆಂಗಸು. ಗಂಡ ಸತ್ತ ಮಳೆಗಾಲದಲ್ಲಿ ನಿದ್ದೆ ಬಿಟ್ಟು, ಅನ್ನ ಬಿಟ್ಟು, ತೋಟದೊಳಗೆ ಒಬ್ಬಳೇ ಮಾತಾಡುತ್ತ ಅಲೆಯತೊಡಗಿದಾಗ ಮಗ ಯೋಗೇಶ ಕರೆತಂದು ಸೇರಿಸಿದ್ದ. ಮಾತ್ರೆಯಿಂದ ನಿದ್ದೆ ಬಂತು, ಒಬ್ಬಳೇ ಮಾತಾಡುವುದು ನಿಂತಿತು. ಆದರೆ ಸಂಜೆ, ರಸ್ತೆಯಾಚೆಯ ಎಸ್ಟೇಟಿನಲ್ಲಿ ಕೆಲಸ ಬಿಟ್ಟು ಹೆಂಗಸರು ಗೇಟಿನ ಮುಂದೆ ಮಾತಾಡಿಕೊಂಡು ಹೋಗುವ ಹೊತ್ತಿಗೆ ಭಾಗಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ಕುಯ್ಲು ಶುರುವಾಗದೆ. ಆಳು ಲೆಕ್ಕ ಹಿಡಿಯೋವಾಗ ನಾನು ಇರ್ಬೇಕು. ಇಲ್ದಿದ್ರೆ ಲೈನ್ ಮನೆ ಬೇರೆಯೋರಿಗೆ ಕೊಡ್ತಾರೆ. ಬಾಗ್ಲು ತೆಗೀರಿ."

ಇದರಲ್ಲಿ ಹುಚ್ಚಿನ ಮಾತು ಒಂದೂ ಇರಲಿಲ್ಲ. ಎಸ್ಟೇಟಿನ ಲೈನಿನಲ್ಲಿ, ಆಳುಗಳ ಆ ಸಾಲುಮನೆಗಳಲ್ಲಿ, ಜಾಗ ಇರುವುದು ದುಡಿಯುವವರಿಗೆ. ದುಡಿಯುವ ಕೈ ಇಲ್ಲದ ಮನೆಯ ಬೀಗ ತಾನಾಗಿಯೇ ಬದಲಾಗುತ್ತದೆ. ಭಾಗಮ್ಮನ ಮನೆಯ ಬೀಗ ಆಗಲೇ ಬದಲಾಗಿತ್ತು. ಯೋಗೇಶ ಆಲ್ದೂರಿನ ಕಾಫಿ ವ್ಯಾಪಾರಿಯೊಬ್ಬರ ಪಿಕಪ್ ಓಡಿಸುತ್ತಿದ್ದ, ತನ್ನಂಥ ಮೂವರ ಜೊತೆ ಒಂದು ರೂಮಿನಲ್ಲಿ ಮಲಗುತ್ತಿದ್ದ. ದೀಪಾವಳಿ ಕಳೆದ ಮೇಲೆ ಅವನು ಕುಸುಮಾಳಿಗೆ ಫೋನ್ ಮಾಡಿ, ಮನೆ ಹೋಯಿತು, ಪಾತ್ರೆ ಪಡಗವನ್ನು ರೂಮಿಗೆ ತಂದು ಹಾಕಿದ್ದೇನೆ ಎಂದು ತಿಳಿಸಿ, "ಅಮ್ಮಂಗೆ ಮಾತ್ರ ಹೇಳ್ಬೇಡಿ ಅಕ್ಕ, ತಡ್ಕೊಳಲ್ಲ" ಎಂದು ಬೇಡಿಕೊಂಡಿದ್ದ. ಕುಸುಮಾ ಆಯ್ತು ಎಂದಿದ್ದಳು.

ಹಾಗಾಗಿ ಸಂಜೆ ಭಾಗಮ್ಮ ಬಾಗಿಲು ಬಡಿದಾಗಲೆಲ್ಲ ಕುಸುಮಾ ಹತ್ತಿರ ಹೋಗಿ, "ನಾಳೆ ಯೋಗೇಶ ಬರ್ತಾನೆ ಭಾಗಮ್ಮ. ಬೆಳಿಗ್ಗೆ ಕರ್ಕೊಂಡು ಹೋಗ್ತಾನೆ. ಈಗ ಉಂಡು ಮಲಗಿ" ಎನ್ನುತ್ತಿದ್ದಳು.

"ನಾಳೆನಾ?"

"ನಾಳೆ."

ಅಷ್ಟೇ. ಭಾಗಮ್ಮ ಉಣ್ಣುತ್ತಿದ್ದಳು, ಮಾತ್ರೆ ನುಂಗುತ್ತಿದ್ದಳು, ಹೊದ್ದು ಮಲಗುತ್ತಿದ್ದಳು. ಧರ್ಮೇಶ ಮೆಚ್ಚಿಗೆಯಿಂದ ತಲೆಯಾಡಿಸುತ್ತಿದ್ದ. ಕುಸುಮಾ ವಾರ್ಡನ್ನು ರಾತ್ರಿಯವರ ಕೈಗೊಪ್ಪಿಸಿ ಕೊನೆಯ ಬಸ್ಸಿಗೆ ಕೊಟ್ಟಿಗೆಹಾರದ ಮನೆಗೆ ಹೋಗುತ್ತಿದ್ದಳು, ಒಳ್ಳೆಯ ಕೆಲಸ ಮಾಡಿದವರಿಗೆ ಬರುವ ಹಸಿವಿನೊಂದಿಗೆ.

ಬೆಳಗಿನ ಪಾಳಿ ರಕ್ಷಾಳದು. ಮಧ್ಯಾಹ್ನ ಕುಸುಮಾ ಬರುವಾಗ ರಕ್ಷಾ ಸೋತ ಮುಖದಿಂದ, "ನಿಮ್ಮ ಭಾಗಮ್ಮ ಇವತ್ತೂ ರಂಪ ಮಾಡಿದ್ರು. ನಾಲ್ಕು ಜನ ಹಿಡೀಬೇಕಾಯ್ತು" ಎಂದು ವರದಿ ಒಪ್ಪಿಸುತ್ತಿದ್ದಳು. ರಕ್ಷಾಳಿಗೆ ಸ್ವಲ್ಪ ಬಾಯಿ ಜೋರು. ನನ್ನ ಹತ್ತಿರ ಹಸುವಿನ ಹಾಗಿರುವ ಹೆಂಗಸು ಇವಳ ಹತ್ತಿರ ಯಾಕೆ ಹೀಗಾಡುತ್ತಾಳೆಂದು ಕುಸುಮಾ ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದಳು. ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದುದಕ್ಕಾಗಿ ತನ್ನನ್ನು ತಾನೇ ಒಂದಿಷ್ಟು ಮೆಚ್ಚಿಕೊಂಡಳು ಕೂಡ.

ವಾರಕ್ಕೆರಡು ಸಲ ಬರುವ ಡಾಕ್ಟರ್ ಭಾವನಾ ಬೆಳಗಿನ ಗಲಾಟೆಯ ಸುದ್ದಿ ಕೇಳಿ ಕೇಳಿ ಔಷಧಿ ಏರಿಸಿದರು. ಮತ್ತೆ ಏರಿಸಿದರು. ಭಾಗಮ್ಮನ ಕೈ ನಡುಗತೊಡಗಿತು. ಲೋಟದ ಕಾಫಿಯಲ್ಲಿ ಅರ್ಧ ಸೀರೆಯ ಪಾಲಾಗುತ್ತಿತ್ತು. ನಾಲಿಗೆ ದಪ್ಪವಾಗಿ ಮಾತು ಜಾರುತ್ತಿತ್ತು. ಇನ್ನೂ ಹತೋಟಿಗೆ ಬರದಿದ್ದರೆ ದೂರದ ದೊಡ್ಡ ಆಸ್ಪತ್ರೆಗೆ ಕಳಿಸುವುದೇ ಸರಿ ಎಂದು ಡಾಕ್ಟರು ಹೇಳಿಟ್ಟರು. ಇಲ್ಲಿಂದ ಅಲ್ಲಿಗೆ ಹೋದವರನ್ನು ನೋಡಲು ಮನೆಯವರು ಮೊದಮೊದಲು ಹೋಗುತ್ತಿದ್ದರು. ಆಮೇಲೆ ಬಸ್ಸು ಬದಲಾಯಿಸಿ ಬದಲಾಯಿಸಿ ಹೋಗುವುದು ಯಾರಿಗೂ ಹೊಂದುತ್ತಿರಲಿಲ್ಲ.

ಹೀಗಿರುವಾಗ ರಕ್ಷಾ ತಂಗಿಯ ಮದುವೆಗೆಂದು ಒಂದು ವಾರ ರಜೆ ಹಾಕಿದಳು. ಬೆಳಗಿನ ಪಾಳಿ ಕುಸುಮಾಳ ಪಾಲಿಗೆ ಬಂತು. ಬರಲಿ, ಒಂದು ವಾರ ನಾನೇ ನೋಡಿಕೊಂಡರೆ ಈ ರಂಪವೆಲ್ಲ ಅಡಗುತ್ತದೆ ಎಂದುಕೊಂಡೇ ಅವಳು ಒಪ್ಪಿದ್ದು.

ಮೊದಲ ದಿನ ಮಂಜು ಇನ್ನೂ ರಸ್ತೆಯ ಮೇಲಿದ್ದಾಗ ಅವಳು ಬಸ್ಸಿಳಿದು ಒಳಗೆ ಬಂದಳು. ಭಾಗಮ್ಮ ಆಗಲೇ ಎದ್ದಿದ್ದಳು. ಆ ಚಳಿಯಲ್ಲಿ ತಣ್ಣೀರು ಮಿಂದು, ಎಣ್ಣೆ ಹಚ್ಚಿ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಉಳಿದ ಬಟ್ಟೆಯನ್ನು ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ ತೊಡೆಯ ಮೇಲಿಟ್ಟುಕೊಂಡು, ಗೇಟು ಕಾಣುವ ಕಿಟಕಿಯ ಬಳಿ ಕೂತಿದ್ದಳು. ಮುಖದಲ್ಲಿ ಮದುವೆ ಮನೆಗೆ ಹೊರಟವರ ಕಳೆ ಇತ್ತು. ಕುಸುಮಾಳನ್ನು ನೋಡಿ ನಕ್ಕಳು.

"ನೀನೇ ಬಂದ್ಯಾ ಕುಸುಮವ್ವ. ಒಳ್ಳೇದಾಯ್ತು. ಹೋಗೋವಾಗ ಹೇಳಿ ಹೋಗ್ಬೋದು."

ಕುಸುಮಾ ಗಂಟನ್ನು ನೋಡಿದಳು, ಕಿಟಕಿಯನ್ನು ನೋಡಿದಳು. ಸಂಜೆ ತಾನು ಆಡಿ ಹೋಗುವ ಮಾತು ರಾತ್ರಿ ಕಳೆದ ಮೇಲೂ ಇಲ್ಲಿ ಉಳಿದಿರುತ್ತದೆ ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ. "ಅವರು ದಿನಾ ಹಿಂಗೇ ಕೂರ್ತಾರಾ?" ಎಂದು ಧರ್ಮೇಶನನ್ನು ಕೇಳಿದಳು. "ದಿನಾ. ಇನ್ನು ಒಂದು ಗಳಿಗೆ ನೋಡಿ" ಎಂದ ಅವನು.

ಮೂಡಿಗೆರೆ ಕಡೆಯಿಂದ ಬಸ್ಸು ಬಂತು. ಭಾಗಮ್ಮ ಗಂಟು ಹಿಡಿದು ನಿಂತಳು. ಬಸ್ಸು ನಿಲ್ಲದೆ ಹೋಯಿತು, ಕೂತಳು. ಇನ್ನೊಂದು ಬಂತು. ಒಬ್ಬ ಇಳಿದ, ಅವನು ಹಾಲಿನವನು. ತಿಂಡಿಯ ತಟ್ಟೆ ಕೊಟ್ಟರೆ, "ಮಗನ ಜೊತೆ ಆಲ್ದೂರಲ್ಲಿ ತಿಂತೀನಿ" ಎಂದು ಪಕ್ಕಕ್ಕಿಟ್ಟಳು. ಬಿಸಿಲು ಏರಿ ಮಂಜು ಕರಗಿ ಗೇಟು ನಿಚ್ಚಳವಾಗಿ ಕಾಣತೊಡಗಿತು. ಗೇಟಿನಲ್ಲಿ ಯಾರೂ ಇರಲಿಲ್ಲ. ಭಾಗಮ್ಮನ ಮುಖದ ಕಳೆ ಸ್ವಲ್ಪ ಸ್ವಲ್ಪವಾಗಿ ಇಳಿಯುವುದನ್ನು ಕುಸುಮಾ ಔಷಧಿ ಹಂಚುತ್ತಲೇ ನೋಡಿದಳು. ನೋಡಲಾಗದೆ ಅಡಿಗೆಮನೆಗೆ ಹೋಗಿ ಸುಮ್ಮನೆ ನಿಂತು ಬಂದಳು.

ತಟ್ಟೆ ಗೋಡೆಗೆ ಬಡಿದ ಸದ್ದು ಕೇಳಿತು. ಕುಸುಮಾ ತನ್ನ ಮಾಮೂಲಿ ಜಾಗದಲ್ಲಿ, ಮಾಮೂಲಿ ದೂರದಲ್ಲಿ ನಿಂತು, "ಭಾಗಮ್ಮ" ಎಂದಳು.

ಆ ದನಿ ಕೇಳಿದ್ದೇ ಕೆಟ್ಟದ್ದಾಯಿತು. ಭಾಗಮ್ಮ ಸರಕ್ಕನೆ ತಿರುಗಿದಳು. "ನೀನೇ ಹೇಳಿದ್ದು. ದಿನಾ ಹೇಳೋಳು ನೀನೇ. ರಾತ್ರಿ ಬಂದು ಜೇನು ಸವರಿ ಹೋಗ್ತೀಯ, ಬೆಳಗ್ಗೆ ಮಕ ತೋರ್ಸಲ್ಲ. ಆ ಜೋರು ಬಾಯಿ ಹುಡುಗೀನೇ ವಾಸಿ, ಅವಳು ಬರ್ತಾನೆ ಅಂತ ಒಂದ್ಸಲಾನೂ ಹೇಳಿಲ್ಲ." ನಡುಗುವ ಕೈಯಿಂದ ಗಂಟನ್ನೆತ್ತಿ ಕುಸುಮಾಳ ಎದೆಗೆ ಎಸೆದಳು. ಕಿಟಕಿಯ ಸರಳಿಗೆ ಹಣೆ ಚಚ್ಚಿಕೊಳ್ಳಲು ಹೋದಾಗ ಧರ್ಮೇಶ ಮತ್ತು ಕಾವಲಿನ ಕೆಂಪಯ್ಯ ಬಂದು ಹಿಡಿದರು. ಸೂಜಿ ಚುಚ್ಚಿದವಳು ಕುಸುಮಾಳೇ. ಮಾಡಲೇಬೇಕಾಗಿದ್ದ ಕೆಲಸ ಅದು, ಕೈ ತಪ್ಪದೆ ಮಾಡಿದಳು. ಆಮೇಲೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತಳು. ಹೊಡೆಸಿಕೊಂಡದ್ದಕ್ಕಲ್ಲ. ಇಷ್ಟು ದಿನ ಭಾಗಮ್ಮನ ಕೈ ನಡುಗಿಸಿದ್ದು ರೋಗವೂ ಅಲ್ಲ, ರಕ್ಷಾಳ ಬಾಯಿಯೂ ಅಲ್ಲ, ತನ್ನ ಒಳ್ಳೆಯತನ ಎಂಬುದು ಅರ್ಥವಾಗಿ ನಾಚಿಕೆಯಾಗಿತ್ತು.

ಮಧ್ಯಾಹ್ನ ಡಾಕ್ಟರ್ ಭಾವನಾ ಬಂದರು. ಕುಸುಮಾ ಎಲ್ಲವನ್ನೂ ಹೇಳಿದಳು, ತಾನು ಕೊಡುತ್ತಿದ್ದ ಮಾತನ್ನೂ ಸೇರಿಸಿ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

"ನಿಜ ಹೇಳಿಬಿಡ್ತೀನಿ ಮೇಡಂ."

"ಹೇಳಿದ ಮೇಲೆ ಇನ್ನೂ ಜಾಸ್ತಿಯಾದರೆ? ದೊಡ್ಡ ಆಸ್ಪತ್ರೆಗೆ ಮಾತಾಡಿದೀನಿ, ಗುರುವಾರ ಗಾಡಿ ಬರುತ್ತೆ. ಸುಮ್ಮನೆ ಯಾಕೆ... ನೋಡಣ, ನಾಳೆ ನಾಡಿದ್ದರಲ್ಲಿ ಯೋಚನೆ ಮಾಡಣ."

ಬೇರೆ ದಿನವಾಗಿದ್ದರೆ ಕುಸುಮಾ ಇದನ್ನು ಕೇಳಿ ಸುಮ್ಮನಾಗುತ್ತಿದ್ದಳು. "ಮೇಡಂ, ಬೇಡ ಅಂತಿದ್ದೀರೋ, ಆಗ್ಲಿ ಅಂತಿದ್ದೀರೋ?" ಎಂದಳು. ಡಾಕ್ಟರು ಅವಳ ಮುಖವನ್ನೇ ನೋಡಿದರು. ಹಾಗೆ ಅವರನ್ನು ಅಲ್ಲಿ ಯಾರೂ ಕೇಳಿದ್ದಿಲ್ಲ. ಕನ್ನಡಕ ಹಾಕಿಕೊಂಡು, "ಆಗಲಿ. ಮತ್ತೆ ಕೈ ಮೀರಿದರೆ ಗುರುವಾರದ ಗಾಡಿ ನಿಲ್ಲಿಸಕ್ಕಾಗಲ್ಲ, ಅದು ಗೊತ್ತಿರಲಿ" ಎಂದರು.

ಯೋಗೇಶನಿಗೆ ಫೋನ್ ಮಾಡಿದಾಗ ಅವನು ಮೂಟೆ ಹೇರಿಸುತ್ತಿದ್ದ. ಮೊದಲು ರೇಗಿದ, ಆಮೇಲೆ ಗೋಗರೆದ, ಕೊನೆಗೆ, "ನೀವು ಹೇಳ್ಬೇಡಿ ಅಕ್ಕ, ನಾಳೆ ನಾನೇ ಬಂದು ಹೇಳ್ತೀನಿ" ಎಂದ. ಆ ನಾಳೆಯನ್ನು ಕುಸುಮಾ ಚೆನ್ನಾಗಿ ಬಲ್ಲಳು.

"ಯೋಗೇಶ, ನಿಜವಾಗ್ಲೂ ಬರೋ ದಿನ ಯಾವುದು, ಅದು ಹೇಳು."

ಅವನು ಮೂಟೆ ಹೇರುವವರಿಗೆ ತಡೆಯಲು ಹೇಳಿದ. "ಭಾನುವಾರ. ಲೋಡು ಇಲ್ದಿದ್ರೆ."

"ಅಮ್ಮನ್ನ ಕರ್ಕೊಂಡು ಹೋಗ್ತೀಯ?"

"ಎಲ್ಲಿಗೆ ಅಕ್ಕ?" ಎಂದ ಯೋಗೇಶ. ಕುಸುಮಾಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸುಲಭವಾಗುತ್ತಿತ್ತು.

ಮರುದಿನ ಬೆಳಿಗ್ಗೆ, ಸೂಜಿಯ ಮಂಪರು ಇನ್ನೂ ಪೂರ್ತಿ ಇಳಿಯದಿದ್ದರೂ, ಭಾಗಮ್ಮ ಮಿಂದು ಗಂಟು ಕಟ್ಟಿ ಕಿಟಕಿಯ ಬಳಿ ಕೂತಿದ್ದಳು. ಹಿಂದಿನ ಸಂಜೆ ಯಾರೂ ಮಾತು ಕೊಟ್ಟಿರಲಿಲ್ಲ. ರೂಢಿಗೆ ಬಿದ್ದ ಮೈ, ತಾನೇ ಎದ್ದು ಹೊರಟು ನಿಂತಿತ್ತು. ಕುಸುಮಾ ವಾರ್ಡಿನ ಬಾಗಿಲು ತೆರೆಸಿದಳು. "ಯಾರೂ ಹಿಡೀಬೇಡಿ. ಗೇಟು ಮಾತ್ರ ಹಾಕಿರ್ಲಿ" ಎಂದು ಧರ್ಮೇಶನಿಗೂ ಕೆಂಪಯ್ಯನಿಗೂ ಹೇಳಿದಳು. ಆಮೇಲೆ ಮಣೆಯೊಂದನ್ನು ತಂದು ಭಾಗಮ್ಮನ ಕುರ್ಚಿಗಿಂತ ತಗ್ಗಿನಲ್ಲಿ ಕೂತಳು.

"ಭಾಗಮ್ಮ, ಯೋಗೇಶ ಇವತ್ತು ಬರಲ್ಲ. ನಾನು ಸುಳ್ಳು ಹೇಳ್ತಿದ್ದೆ."

ಭಾಗಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಲೈನ್ ಮನೆ ಹೋಯ್ತು. ದೀಪಾವಳಿ ಕಳೆದ ಮೇಲೆ ಬೇರೆಯೋರಿಗೆ ಕೊಟ್ರಂತೆ. ನಂಗೆ ಆಗ್ಲೇ ಗೊತ್ತಿತ್ತು."

ಈ ಎರಡು ಮಾತು ಹೇಳಲು ಅವಳ ಪ್ರಸಿದ್ಧವಾದ ದನಿ ನೆರವಿಗೆ ಬರಲಿಲ್ಲ. ಯಾರೋ ಬೇರೆಯವರು ಆಡಿದ ಹಾಗೆ ಮಾತು ಒರಟಾಗಿ ಹೊರಗೆ ಬಿತ್ತು. ಬಾಗಿಲ ಬಳಿ ಧರ್ಮೇಶ ಮೈ ಬಿಗಿ ಮಾಡಿಕೊಂಡ. ಭಾಗಮ್ಮನ ಕೈಬೆರಳು ಗಂಟಿನೊಳಗೆ ಹೂತುಹೋಗಿದ್ದವು.

ಗಂಟನ್ನು ಕಂಕುಳಲ್ಲಿ ಅವುಚಿಕೊಂಡು ಅವಳು ಎದ್ದಳು. ಕುಸುಮಾಳನ್ನು ದಾಟಿ, ತೆರೆದ ಬಾಗಿಲಿನಿಂದ ಹೊರಗೆ ನಡೆದಳು. ಗೋದಾಮಿನ ಕಾಲದಲ್ಲಿ ಹಣ್ಣು ಒಣಗಿಸುತ್ತಿದ್ದ ಸಿಮೆಂಟಿನ ಕಣವನ್ನು ಹಾದು ಗೇಟಿನ ತನಕ ಹೋಗಿ ಸರಳು ಹಿಡಿದು ನಿಂತಳು. ಕೆಂಪಯ್ಯ ಕುಸುಮಾಳ ಕಡೆ ನೋಡಿದ. ಅವಳು ಬೇಡವೆಂದು ತಲೆಯಾಡಿಸಿದಳು. ಗುರುವಾರದ ಗಾಡಿ ಅವಳ ಕಣ್ಣ ಮುಂದೆ ಬಂದು ನಿಂತಿತ್ತು. ಬಸ್ಸು ಬಂತು, ಹೋಯಿತು. ಎದುರು ಎಸ್ಟೇಟಿಗೆ ಹೆಂಗಸರನ್ನು ತುಂಬಿಕೊಂಡ ಜೀಪು ತಿರುಗಿಕೊಂಡಿತು. ಭಾಗಮ್ಮ ಒಮ್ಮೆ ಜೋರಾಗಿ ಕೂಗಿದಳು, ಮಾತಲ್ಲ, ಬರಿಯ ಕೂಗು. ಜೀಪಿನಲ್ಲಿದ್ದವರು ತಿರುಗಿ ನೋಡಿದರು. ಆಮೇಲೆ ಅವಳು ಸರಳಿಗೆ ಹಣೆ ಒತ್ತಿಕೊಂಡು ಅಳುತ್ತ ನಿಂತಳು. ಯಾರೂ ಹತ್ತಿರ ಹೋಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬಿಸಿಲು ಕಣದ ತುಂಬ ಬಂದ ಮೇಲೆ ಅವಳೇ ಮೆಲ್ಲಗೆ ಕಾಲೆಳೆಯುತ್ತ ಒಳಗೆ ಬಂದಳು.

ಕುಸುಮಾ ಮಣೆಯ ಮೇಲೇ ಇದ್ದಳು.

"ಯಾರಿಗೆ ಕೊಟ್ರು?"

"ಅಸ್ಸಾಮಿನೋರಂತೆ. ಗಂಡ, ಹೆಂಡ್ತಿ, ಒಂದು ಮಗು."

"ಮಗು ಹೆಣ್ಣಾ, ಗಂಡಾ?"

"ಅದು ಗೊತ್ತಿಲ್ಲ ಭಾಗಮ್ಮ."

"ಆ ಒಲೆ ಮಳೆಗಾಲದಲ್ಲಿ ಎಡಗಡೆ ಹೊಗೆ ಕಾರ್ತದೆ. ಮಗು ಮಲಗ್ಸಿದ್ರೆ ಕಣ್ಣು ಹೋಗ್ತವೆ. ಯೋಗಿಗೆ ಹೇಳು, ಅವ್ರಿಗೆ ಒಂದು ಮಾತು ತಿಳಿಸ್ಲಿ" ಎಂದಳು ಭಾಗಮ್ಮ. ಆಮೇಲೆ ಕೇಳಿದಳು, "ಅವನು ನನ್ನ ಕರ್ಕೊಂಡು ಹೋಗಲ್ವಾ?"

"ಈಗ ಆಗಲ್ಲ. ರೂಮಲ್ಲಿ ನಾಲ್ಕು ಜನ ಇದಾರೆ. ಭಾನುವಾರ ನೋಡಕ್ಕೆ ಬಂದ್ರೂ ಬಂದ, ಇಲ್ದಿದ್ರೂ ಇಲ್ಲ. ಖಂಡಿತ ಅಂತ ನಾನು ಹೇಳಲ್ಲ."

ಭಾಗಮ್ಮ ಗಂಟನ್ನು ಹಾಸಿಗೆಯ ಮೇಲಿಟ್ಟು ಬಿಚ್ಚಿದಳು. ಬೆರಳು ನಡುಗುತ್ತಿದ್ದುದರಿಂದ ಬಹಳ ಹೊತ್ತು ಹಿಡಿಯಿತು. ಕುಸುಮಾಳ ಕೈ ಮುಂದೆ ಹೋಗಿ ಹಿಂದೆ ಬಂತು. ಒಂದೊಂದೇ ಸೀರೆ ತೆಗೆದು ಮೂಸಿ ನೋಡಿದ ಭಾಗಮ್ಮ ಎರಡನ್ನು ಪಕ್ಕಕ್ಕೆ ಹಾಕಿದಳು.

"ಇಲ್ಲೇ ಇರೋದು ಅಂದ್ರೆ ಇವನ್ನ ಒಗೀಬೇಕು. ಸೋಪು ಕೊಡು. ಹೊರಡೋಳು ಹೊರಡೋಳು ಅಂತ ಒಗ್ದೇ ಇರ್ಲಿಲ್ಲ."

ಅವತ್ತು ಪಾಳಿ ಮುಗಿದ ಮೇಲೂ ಕುಸುಮಾ ಮನೆಗೆ ಹೋಗಲಿಲ್ಲ. ಸಂಜೆ ರಸ್ತೆಯಲ್ಲಿ ಹೆಂಗಸರು ಹೋಗುವ ಹೊತ್ತು ಹೇಗೆ ಕಳೆಯುವುದೋ ನೋಡಬೇಕಾಗಿತ್ತು. ಅವರು ಬಂದರು, ಮಾತಾಡುತ್ತ ಹೋದರು. ಭಾಗಮ್ಮ ಕಣದಲ್ಲಿ ಒಣಗಿದ ಸೀರೆ ಮಡಿಸುತ್ತಿದ್ದವಳು ಅವರು ಮರೆಯಾಗುವ ತನಕ ನೋಡಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಗಿಲು ಬಡಿಯಲಿಲ್ಲ. ಡಾಕ್ಟರಿಗೆ ಫೋನಿನಲ್ಲಿ ತಿಳಿಸಿದಾಗ, "ಹಾಗಾದ್ರೆ ಗುರುವಾರದ ಗಾಡಿ ಬೇಡ ಅಂತೀನಿ" ಎಂದರು. ಅವರ ಬಾಯಲ್ಲಿ ಬೇಡ ಎಂಬ ಮಾತು ಹೊಸದಾಗಿ ಕೇಳಿಸಿತು. ಕುಸುಮಾಳಿಗೆ ಗೆದ್ದ ಹಾಗೇನೂ ಅನ್ನಿಸಲಿಲ್ಲ. ಒಬ್ಬಳ ಮನೆ ಹೋಗಿತ್ತು, ಅದು ಹೋಗಿಯೇ ಇತ್ತು.

ಕೊಟ್ಟಿಗೆಹಾರದ ಬಸ್ಸಿಗೆ ಹೊತ್ತಾಗಿತ್ತು. ಭಾಗಮ್ಮ ಕೇಳಿದಳು, "ನಾಳೆ ಬತ್ತೀಯಾ?"

ಬರ್ತೀನಿ ಎಂಬುದು ಕುಸುಮಾಳ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅದನ್ನು ನುಂಗಿಕೊಂಡು, "ಇಲ್ಲ ಭಾಗಮ್ಮ. ನಾಳೆ ನಂಗೆ ರಜೆ. ನಾಡಿದ್ದು ಬೆಳಿಗ್ಗೆ ಬರ್ತೀನಿ" ಎಂದಳು.

ಭಾಗಮ್ಮ ಅವಳ ಮುಖವನ್ನು ಅಳೆಯುವವಳ ಹಾಗೆ ನೋಡಿ, "ಸರಿ, ಹೋಗು. ಬಸ್ಸು ತಪ್ಪೀತು" ಎಂದಳು.

ಆ ನಾಡಿದ್ದು ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ಬಸ್ಸೇ ಬರಲಿಲ್ಲ. ಘಾಟಿಯಲ್ಲಿ ಲಾರಿ ಅಡ್ಡ ನಿಂತಿದೆ ಎಂದರು. ಫೋನ್ ಮಾಡಿ ತಡವಾಗುತ್ತದೆಂದು ತಿಳಿಸಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಕುಸುಮಾ ಕಾಯಲಿಲ್ಲ. ಒಂದಿಷ್ಟು ದೂರ ಸೊಪ್ಪು ಹೇರಿಕೊಂಡು ಹೋಗುತ್ತಿದ್ದ ಜೀಪಿನ ಹಿಂದೆ ನಿಂತು, ಉಳಿದದ್ದನ್ನು ಮಂಜಿನಲ್ಲಿ ನಡೆದು, ಏದುಸಿರು ಬಿಡುತ್ತ ಗೇಟಿಗೆ ಬಂದಳು. ಕಿಟಕಿಯ ಬಳಿ ಭಾಗಮ್ಮ ಕೂತಿದ್ದಳು. ತೊಡೆಯ ಮೇಲೆ ಗಂಟು ಇರಲಿಲ್ಲ.

"ಬಸ್ಸು ಬರ್ಲಿಲ್ಲ ಭಾಗಮ್ಮ, ಅದಕ್ಕೇ ತಡ ಆಯ್ತು."

"ಬಸ್ಸು ಬರ್ದಿದ್ರೂ ನೀನು ಬಂದ್ಯಲ್ಲ" ಎಂದಳು ಭಾಗಮ್ಮ. ಪಕ್ಕಕ್ಕಿಟ್ಟಿದ್ದ ತಿಂಡಿಯ ತಟ್ಟೆಯನ್ನು ಎಳೆದುಕೊಂಡು ತಿನ್ನತೊಡಗಿದಳು.